ಸ್ಟಾರ್ ಆ್ಯಪಲ್: ತಳಿಗಳು ಮತ್ತು ಬೇಸಾಯ

ಸ್ಟಾರ್ ಆ್ಯಪಲ್ ಸಪೋಟೇಸಿ ಕುಟುಂಬಕ್ಕೆ ಸೇರಿದ ನಿತ್ಯಹಸಿರಿನ ಹಣ್ಣಿನ ಮರ. ಸಸ್ಯಶಾಸ್ತ್ರೀಯ ಹೆಸರು ಕ್ರೈಸೊಫಿಲಮ್ ಕೈನಿಟೊ. ಹೆಸರಿನಲ್ಲಿ ಆ್ಯಪಲ್ ಇದ್ದರೂ ಸೇಬಿಗೂ ಇದಕ್ಕೂ ಸಂಬಂಧವಿಲ್ಲ. ತೋಟದ ಸಪೋಟ, ದೇವಸ್ಥಾನದ ಅಂಗಳದ ರಂಜ, ಎಣ್ಣೆಬೀಜ ಕೊಡುವ ಹಿಪ್ಪೆ ಇವೇ ಇದರ ನೆಂಟರು. ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳು, ಫ್ಲಾರಿಡಾದ ದಕ್ಷಿಣ ಭಾಗ, ಫಿಲಿಪ್ಪೀನ್ಸ್ ಮತ್ತು ವಿಯೆಟ್ನಾಂನಲ್ಲಿ ಇದರ ಬೇಸಾಯ ಹೆಚ್ಚು. ಭಾರತದಲ್ಲಿ ಇದು ಇನ್ನೂ ಹಿತ್ತಲಿನ ಮರವಾಗಿಯೇ ಉಳಿದಿದೆ.

ಈ ಹಣ್ಣಿನ ಬಗ್ಗೆ ತಿಂದವರ ಅಭಿಪ್ರಾಯಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಕೆಲವರು ಇದನ್ನು ಉಷ್ಣವಲಯದ ಅತ್ಯುತ್ತಮ ಹಣ್ಣುಗಳ ಸಾಲಿಗೆ ಸೇರಿಸುತ್ತಾರೆ. ಬರೀ ಸೊನೆ, ದಪ್ಪ ಸಿಪ್ಪೆ, ಬೀಜವೇ ಹೆಚ್ಚು ಎಂದು ದೂರುವವರೂ ಇದ್ದಾರೆ. ಎರಡೂ ಮಾತು ನಿಜ. ಬೀಜದಿಂದ ಎದ್ದ ಪ್ರತಿ ಗಿಡದ ಹಣ್ಣೂ ಗುಣದಲ್ಲಿ ಬೇರೆಯಾಗಬಲ್ಲದು; ಒಳ್ಳೆಯ ಮರದ ಹಣ್ಣೂ ಪಕ್ವವಾಗುವ ಮೊದಲೇ ಕೊಯ್ದರೆ ಬಾಯಿಗೆ ಅಂಟುತ್ತದೆ. ಆದ್ದರಿಂದ ಈ ಬೆಳೆಯಲ್ಲಿ ತಳಿಯ ಆಯ್ಕೆ ಮತ್ತು ಕೊಯ್ಲಿನ ಹದ ಇವೆರಡೇ ಮುಖ್ಯ ಸಂಗತಿಗಳು.

ಹೆಸರು ಮತ್ತು ವರ್ಗೀಕರಣ

ಲಿನೇಯಸ್ 1753ರಲ್ಲಿ ಈ ಪ್ರಭೇದವನ್ನು ಹೆಸರಿಸಿದ. ಕ್ರೈಸೊಫಿಲಮ್ ಎಂದರೆ ಗ್ರೀಕ್‌ನಲ್ಲಿ ಹೊನ್ನಿನ ಎಲೆ; ಮಲಯಾಳಂನ ಸ್ವರ್ಣಪತ್ರಿ ಎಂಬ ಹೆಸರಿನ ಅರ್ಥವೂ ಅದೇ. ಕೈನಿಟೊ ಕೆರಿಬಿಯನ್ ಮೂಲನಿವಾಸಿಗಳಾದ ಟೈನೊ ಜನರ ಮಾತಿನಿಂದ ಬಂದದ್ದು. ಸ್ಪ್ಯಾನಿಷ್ ಆಡುವ ನಾಡುಗಳಲ್ಲಿ ಇದು ಕೈಮಿಟೊ, ಹೈಟಿಯಲ್ಲಿ ಕೈಮಿತ್, ವಿಯೆಟ್ನಾಂನಲ್ಲಿ ವು ಸುವ. ನಮ್ಮ ನರ್ಸರಿಗಳಲ್ಲಿ ಸ್ಟಾರ್ ಆ್ಯಪಲ್, ಮಿಲ್ಕ್ ಫ್ರೂಟ್ ಎಂಬ ಎರಡು ಹೆಸರುಗಳೂ ನಡೆಯುತ್ತವೆ. ಐದು ಏಣುಗಳ ಧಾರೆಹುಳಿಯನ್ನು, ಅಂದರೆ ಕಮರಾಕ್ಷಿಯನ್ನು, ಸ್ಟಾರ್ ಫ್ರೂಟ್ ಎನ್ನುವುದರಿಂದ ಗಿಡ ಕೊಳ್ಳುವವರು ಎರಡನ್ನೂ ಒಂದೇ ಎಂದು ತಿಳಿಯಬಾರದು. ಬ್ರೆಜಿಲ್‌ನ ಅಬಿಯು ಎಂಬ ಹಳದಿ ಹಣ್ಣೂ ಇದೇ ಕುಟುಂಬದ್ದು. ಅದರ ಶಾಸ್ತ್ರೀಯ ಹೆಸರು ಪೌಟೇರಿಯಾ ಕೈಮಿಟೊ ಆಗಿರುವುದರಿಂದ ಅಲ್ಲೂ ಗೊಂದಲಕ್ಕೆ ಎಡೆಯಿದೆ.

ಮರ, ಹೂವು, ಹಣ್ಣು

ಹಿತ್ತಲಲ್ಲಿ ಮರ ಸಾಮಾನ್ಯವಾಗಿ 8ರಿಂದ 15 ಮೀಟರ್ ಎತ್ತರವಿರುತ್ತದೆ. ಅನುಕೂಲವಾದ ನೆಲೆಯಲ್ಲಿ ಇನ್ನೂ ಎತ್ತರಕ್ಕೆ, ಕೆಲವೊಮ್ಮೆ 30 ಮೀಟರಿನವರೆಗೂ ಬೆಳೆಯುತ್ತದೆ. ಎಲೆಯ ಮೇಲ್ಮೈ ಕಡುಹಸಿರು, ಹೊಳಪಿನದು. ಕೆಳಮೈಯನ್ನು ಚಿನ್ನದ ಕಂದು ಬಣ್ಣದ ರೇಷ್ಮೆಯಂಥ ರೋಮಗಳು ಮುಚ್ಚಿರುತ್ತವೆ. ಗಾಳಿ ಬೀಸಿ ಎಲೆಗಳು ಮಗುಚಿದಾಗ ಇಡೀ ಮರ ಎರಡು ಬಣ್ಣದಲ್ಲಿ ಕಾಣುತ್ತದೆ. ಈ ಅಂದಕ್ಕಾಗಿ ಇದನ್ನು ಉದ್ಯಾನಗಳಲ್ಲಿ ಬೆಳೆಸುವುದೂ ಉಂಟು. ರೆಂಬೆ, ತೊಗಟೆ, ಎಲೆತೊಟ್ಟು ಎಲ್ಲಿ ಗಾಯವಾದರೂ ಬಿಳಿ ಸೊನೆ ಒಸರುತ್ತದೆ.

ಹೂಗಳು ಬಹಳ ಚಿಕ್ಕವು. ಹಸಿರು ಮಿಶ್ರಿತ ಹಳದಿ ಅಥವಾ ನೇರಳೆ ಛಾಯೆಯ ಬಿಳಿ ಬಣ್ಣದ ಗೊಂಚಲುಗಳಾಗಿ ಎಲೆಗಳ ಕಂಕುಳಲ್ಲಿ ಮೂಡುತ್ತವೆ. ಹುಡುಕಿ ನೋಡದಿದ್ದರೆ ಕಣ್ಣಿಗೆ ಬೀಳುವುದೇ ಕಷ್ಟ. ಹೂವಿನಿಂದ ಪಕ್ವ ಹಣ್ಣಿನವರೆಗೆ ಸುಮಾರು ಅರ್ಧ ವರ್ಷ ಬೇಕು.

ಹಣ್ಣು ದುಂಡಗೆ, 5ರಿಂದ 10 ಸೆಂಟಿಮೀಟರ್ ಅಡ್ಡಳತೆಯದು. ಸಿಪ್ಪೆಯ ಬಣ್ಣ ಕಡುನೇರಳೆ, ಕಂದು ಅಥವಾ ತಿಳಿಹಸಿರು. ಅಡ್ಡಲಾಗಿ ಕೊಯ್ದರೆ ನಡುವಿನಲ್ಲಿ ಬೀಜದ ಕೋಶಗಳು ಸುತ್ತಲೂ ಚಾಚಿ ನಕ್ಷತ್ರದ ಆಕಾರ ಮೂಡುತ್ತದೆ. ಉದ್ದಕ್ಕೆ ಕೊಯ್ದರೆ ಈ ರೂಪ ಕಾಣದು. ಬೀಜಗಳು ಹತ್ತರವರೆಗೆ ಇರಬಹುದು. ಚಪ್ಪಟೆ, ಗಟ್ಟಿ, ಸಪೋಟ ಬೀಜದ ಹಾಗೆ ಹೊಳೆಯುವ ಕಡುಕಂದು, ಒಂದು ಅಂಚಿಗೆ ಬಿಳಿಚಿದ ಗುರುತು. ಕೋಶಗಳ ಸುತ್ತಲಿನ ಅರೆಪಾರದರ್ಶಕ ತಿರುಳು ಎಳನೀರಿನ ಗಂಜಿಯಂತೆ ನುಣುಪಾಗಿ ಜಾರುತ್ತದೆ, ಅದರ ಹೊರಗಿನ ಬಿಳಿ ತಿರುಳು ಮೆತ್ತಗೆ, ಹಾಲುಹಾಲಾಗಿರುತ್ತದೆ. ರುಚಿ ಸೌಮ್ಯವಾದ ಸಿಹಿ; ಹುಳಿ ಇಲ್ಲವೆನ್ನುವಷ್ಟು ಕಡಿಮೆ. ಸಿಪ್ಪೆಗೆ ತಾಗಿದ ಭಾಗದಲ್ಲಿ ಮಾತ್ರ ಸೊನೆ ಮತ್ತು ಒಗರು ಉಳಿದಿರುತ್ತವೆ.

ಮೂಲ: ಕಾಡುಹಣ್ಣು ತೋಟಕ್ಕೆ ಬಂದ ಬಗೆ

ಈ ಮರದ ತವರು ವೆಸ್ಟ್ ಇಂಡೀಸ್ ಎಂದು ಬಹುಕಾಲ ನಂಬಲಾಗಿತ್ತು. ಇತ್ತೀಚಿನ ತಳಿವಿಜ್ಞಾನದ ಅಧ್ಯಯನಗಳು ಅದನ್ನು ಮಧ್ಯ ಅಮೆರಿಕದ ದಕ್ಷಿಣ ಭಾಗಕ್ಕೆ, ವಿಶೇಷವಾಗಿ ಪನಾಮಾಕ್ಕೆ, ಕೊಂಡೊಯ್ದಿವೆ. ಅಲ್ಲಿನ ತೇವದ ಕಾಡುಗಳಲ್ಲಿ ಮರ ಇಂದಿಗೂ ತಾನಾಗಿ ಬೆಳೆಯುತ್ತದೆ, ಪಕ್ಕದ ಮನೆಯಂಗಳಗಳಲ್ಲೂ ಇರುತ್ತದೆ. ಒಂದೇ ಪ್ರಭೇದದ ಕಾಡುರೂಪ, ಊರುರೂಪ ಎರಡೂ ಹತ್ತಿರದಲ್ಲೇ ಸಿಗುವ ಈ ಅವಕಾಶವನ್ನು ಸಂಶೋಧಕಿ ಇಂಗ್ರಿಡ್ ಪಾರ್ಕರ್ ಮತ್ತು ಸಂಗಡಿಗರು ಬಳಸಿಕೊಂಡರು. ಎರಡು ಸುಗ್ಗಿಗಳ ಹಣ್ಣುಗಳನ್ನು ಹೋಲಿಸಿ ನೋಡಿದ ಅವರ ಫಲಿತಾಂಶ 2010ರಲ್ಲಿ ಪ್ರಕಟವಾಯಿತು.

ಊರಿನ ಹಣ್ಣುಗಳು ಕಾಡಿನವಕ್ಕಿಂತ ಗಣನೀಯವಾಗಿ ದೊಡ್ಡವಾಗಿದ್ದವು. ಅವುಗಳಲ್ಲಿ ಸಿಪ್ಪೆಯ ಪಾಲು ಇಳಿದು ತಿರುಳಿನ ಪಾಲು ಏರಿತ್ತು. ಸಕ್ಕರೆ ಹೆಚ್ಚಿತ್ತು, ಹುಳಿ ಕಡಿಮೆಯಾಗಿತ್ತು, ಒಗರಿಗೆ ಕಾರಣವಾಗುವ ಫೀನಾಲಿಕ್ ವಸ್ತುಗಳೂ ಇಳಿದಿದ್ದವು. ಆದರೆ ಬೀಜಗಳು ಕಡಿಮೆಯಾಗಿರಲಿಲ್ಲ, ಗಾತ್ರದಲ್ಲೂ ಸಂಖ್ಯೆಯಲ್ಲೂ ಹೆಚ್ಚಿದ್ದವು. ಜನ ತಲೆಮಾರುಗಳಿಂದ ದೊಡ್ಡ ಹಣ್ಣು ಮತ್ತು ಸಿಹಿಯನ್ನು ಆರಿಸುತ್ತ ಬಂದಿದ್ದಾರೆ, ಬೀಜದ ಕಡೆಗೆ ಅಷ್ಟು ಗಮನ ಹರಿದಿಲ್ಲ ಎಂಬುದನ್ನು ಇದರಿಂದ ಊಹಿಸಬಹುದು. ಊರಿನ ಮರಗಳಲ್ಲಿ ಹಣ್ಣಿನ ತೂಕ ಮತ್ತು ಬೀಜಗಳ ಸಂಖ್ಯೆ ಮರದಿಂದ ಮರಕ್ಕೆ ಬಹಳ ವ್ಯತ್ಯಾಸವಾಗುತ್ತಿತ್ತು ಎಂಬುದು ಇನ್ನೊಂದು ಅಂಶ. ಈ ವ್ಯತ್ಯಾಸವೇ ತಳಿ ಆಯ್ಕೆಗೆ ಬಂಡವಾಳ.

ತಳಿಗಳು

ಬಣ್ಣದ ಮೇಲೆ ಎರಡು ದೊಡ್ಡ ಗುಂಪುಗಳು: ನೇರಳೆ ಮತ್ತು ಹಸಿರು. ನೇರಳೆ ಹಣ್ಣುಗಳ ಸಿಪ್ಪೆ ಸಾಮಾನ್ಯವಾಗಿ ದಪ್ಪ, ತಿರುಳು ಗಟ್ಟಿ. ಸಿಪ್ಪೆಯ ಒಳಭಾಗವೂ ನೇರಳೆಯಾಗಿರುವುದರಿಂದ ಕೊಯ್ದ ಹಣ್ಣು ನೋಡಲು ಚೆಂದ. ಹಸಿರು ಹಣ್ಣುಗಳ ಸಿಪ್ಪೆ ತೆಳು, ರಸ ಹೆಚ್ಚು, ರುಚಿ ಇನ್ನೂ ಸೌಮ್ಯ. ಮಾಗಿದಾಗ ಅವುಗಳ ಬಣ್ಣ ಹೆಚ್ಚು ಬದಲಾಗದೆ ಇರುವುದರಿಂದ ಕೊಯ್ಲಿನ ಹದ ಗುರುತಿಸುವುದು ನೇರಳೆಗಿಂತ ಕಷ್ಟ.

ಹೈಟಿಯನ್ ಸ್ಟಾರ್: ಹೆಸರಿಟ್ಟು ಕಸಿಯ ಮೂಲಕ ಹರಡಿದ ತಳಿಗಳಲ್ಲಿ ಇದು ಹೆಸರುವಾಸಿ. ನೇರಳೆ ಹಣ್ಣು. ಫ್ಲಾರಿಡಾದ ಬೆಳೆಗಾರರಲ್ಲಿ ಬಳಕೆಯಲ್ಲಿದೆ.

ಬ್ಲಾಂಕೊ ಸ್ಟಾರ್: ಫ್ಲಾರಿಡಾದಲ್ಲಿ ಬೆಳೆಯುವ ಹಸಿರು ಹಣ್ಣಿನ ತಳಿ. ಹೈಟಿಯನ್ ಸ್ಟಾರ್ ಜೊತೆಗೆ ನೆಟ್ಟರೆ ಎರಡು ಗುಂಪುಗಳ ಗುಣವನ್ನು ಒಂದೇ ತೋಟದಲ್ಲಿ ಹೋಲಿಸಿ ನೋಡಬಹುದು.

ಲೊ ರೆನ್: ವಿಯೆಟ್ನಾಂನ ಅತಿ ಪ್ರಸಿದ್ಧ ತಳಿ. ತವರು ಮೆಕಾಂಗ್ ನದಿಯ ಮುಖಜಭೂಮಿಯ ವಿನ್ ಕಿಮ್. ಲೊ ರೆನ್ ಎಂದರೆ ಕಮ್ಮಾರನ ಕುಲುಮೆ. ಮೂಲ ಮರ ಕುಲುಮೆಯೊಂದರ ಬಳಿ ಇದ್ದುದರಿಂದ ತಳಿಗೆ ಈ ಹೆಸರು ಬಂತೆಂದು ಅಲ್ಲಿಯವರು ಹೇಳುತ್ತಾರೆ. ತೆಳುವಾದ, ಹೊಳೆಯುವ ಸಿಪ್ಪೆ. ಮಾಗಿದಾಗ ಹಸಿರು ತಿಳಿಯಾಗಿ ದಂತದ ಬಣ್ಣಕ್ಕೆ ತಿರುಗಿ, ತುದಿಯ ಬಳಿ ನಸುಗೆಂಪು ಹರಡುತ್ತದೆ. ತಿರುಳು ದಪ್ಪ, ಬಿಳುಪು, ತುಂಬಾ ಸಿಹಿ.

ನೇರಳೆ ವು ಸುವ: ಇದೂ ಮೆಕಾಂಗ್ ಪ್ರದೇಶದ್ದು. ಕೆ ಸಾಕ್ ಸುತ್ತಿನ ತೋಟಗಳು ಇದಕ್ಕೆ ಹೆಸರಾಗಿವೆ. ಲೊ ರೆನ್‌ಗಿಂತ ಸಿಪ್ಪೆ ದಪ್ಪವಾದ್ದರಿಂದ ಸಾಗಣೆಯ ಪೆಟ್ಟು ತಾಳಿಕೊಳ್ಳುತ್ತದೆ.

2017ರಲ್ಲಿ ಅಮೆರಿಕ ವಿಯೆಟ್ನಾಂನ ತಾಜಾ ಸ್ಟಾರ್ ಆ್ಯಪಲ್ ಆಮದಿಗೆ ಒಪ್ಪಿಗೆ ಕೊಟ್ಟಿತು. ಡ್ರ್ಯಾಗನ್ ಹಣ್ಣು, ರಂಬುಟಾನ್, ಲಾಂಗನ್, ಲಿಚಿಗಳ ನಂತರ ಆ ದೇಶದಿಂದ ಅಮೆರಿಕದ ಮಾರುಕಟ್ಟೆ ಸೇರಿದ ಐದನೆಯ ತಾಜಾ ಹಣ್ಣು ಇದು. ಕೀಟಗಳು ಜೊತೆಗೆ ಹೋಗದಂತೆ ಹಣ್ಣುಗಳನ್ನು ವಿಕಿರಣಕ್ಕೆ ಒಡ್ಡಿ ಕಳಿಸಬೇಕು. ಬೀಜದ ಗಿಡಗಳ ಬೆರಕೆ ಹಣ್ಣಿನಿಂದ ಇಂಥ ಮಾರುಕಟ್ಟೆ ಹಿಡಿಯಲು ಸಾಧ್ಯವಿರಲಿಲ್ಲ. ಒಂದೇ ಗಾತ್ರ, ಒಂದೇ ರುಚಿಯ ಹಣ್ಣು ಬೇಕಾದರೆ ಒಳ್ಳೆಯ ಮರವನ್ನು ಗುರುತಿಸಿ ಅದನ್ನೇ ನಿರ್ಲಿಂಗ ವಿಧಾನದಿಂದ ಹೆಚ್ಚಿಸಬೇಕು. ವಿನ್ ಕಿಮ್‌ನ ಬೆಳೆಗಾರರು ಮಾಡಿದ್ದು ಅದನ್ನೇ.

ಹತ್ತಿರದ ಪ್ರಭೇದಗಳು

ಪಶ್ಚಿಮ ಆಫ್ರಿಕದ ಸ್ಟಾರ್ ಆ್ಯಪಲ್ ಬೇರೆಯೇ ಪ್ರಭೇದ, ಕ್ರೈಸೊಫಿಲಮ್ ಆಲ್ಬಿಡಮ್. ನೈಜೀರಿಯಾದ ಯೊರುಬಾ ಜನರಿಗೆ ಇದು ಅಗ್ಬಾಲುಮೊ, ಇಗ್ಬೊ ಜನರಿಗೆ ಉದಾರ. ಹಣ್ಣು ಕಿತ್ತಳೆ ಬಣ್ಣದ್ದು, ರುಚಿ ಹುಳಿ ಮುಂದಾದ ಸಿಹಿ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಅಲ್ಲಿನ ಬೀದಿಗಳಲ್ಲಿ ರಾಶಿ ಹಾಕಿ ಮಾರುತ್ತಾರೆ. ಮಾಗಿದ ಉದಾರ ತಾನಾಗಿ ಉದುರುತ್ತದೆ. ಮರದಿಂದ ಕೀಳದೆ ಬಿದ್ದದ್ದನ್ನೇ ಆರಿಸಿಕೊಳ್ಳಬೇಕೆಂಬ ಕಟ್ಟಳೆ ಇಗ್ಬೊ ಊರುಗಳಲ್ಲಿದೆ. ಕೈಮಿಟೊ ಇದಕ್ಕೆ ತದ್ವಿರುದ್ಧ, ಅದು ಮಾಗಿದರೂ ಉದುರುವುದಿಲ್ಲ. ಫ್ಲಾರಿಡಾ ಮತ್ತು ಕೆರಿಬಿಯನ್‌ನ ಕ್ರೈಸೊಫಿಲಮ್ ಆಲಿವಿಫಾರ್ಮೆ ಚಿಕ್ಕ ಹಣ್ಣಿನ ಮರ, ಅಲಂಕಾರಕ್ಕೆ ಹೆಸರಾದದ್ದು. ನಮ್ಮ ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡುಗಳಲ್ಲೂ ಈ ಬಳಗದ ಒಂದು ಮರವಿದೆ. ಅದನ್ನು ಕ್ರೈಸೊಫಿಲಮ್ ರಾಕ್ಸ್‌ಬರ್ಗೈ ಎಂದು ಹಳೆಯ ಸಸ್ಯಗ್ರಂಥಗಳು ಕರೆಯುತ್ತವೆ.

ತಳಿಗಳನ್ನು ಹೋಲಿಸುವ ಕ್ರಮ

ಹಣ್ಣು ಚೆನ್ನಾಗಿದೆ, ಇಲ್ಲ ಎಂದಷ್ಟೇ ಹೇಳಿದರೆ ಬೆಳೆಗಾರನಿಗೆ ಉಪಯೋಗವಿಲ್ಲ. ಹೋಲಿಕೆಗೆ ನೋಡಬೇಕಾದವು ಇವು: ಹಣ್ಣಿನ ತೂಕ, ಅದರಲ್ಲಿ ತಿನ್ನಲು ಸಿಗುವ ತಿರುಳಿನ ಪಾಲು, ಸಿಪ್ಪೆಯ ದಪ್ಪ, ಬೀಜಗಳ ಸಂಖ್ಯೆ, ಸೊನೆ ಎಷ್ಟು ಒಳಗಿನವರೆಗೆ ಇದೆ ಎಂಬುದು, ಬ್ರಿಕ್ಸ್ ಮಾಪಕದಲ್ಲಿ ಸಿಹಿಯ ಅಂಶ, ಸುಗ್ಗಿಯ ಆರಂಭ ಮತ್ತು ಕೊನೆ, ಕೊಯ್ದ ಮೇಲೆ ಹಣ್ಣು ತಾಳುವ ದಿನಗಳು.

ಹೋಲಿಸುವ ಹಣ್ಣುಗಳು ಒಂದೇ ಹದದಲ್ಲಿರಬೇಕು. ಒಂದು ತಳಿಯ ಪೂರ್ಣ ಮಾಗಿದ ಹಣ್ಣನ್ನು ಇನ್ನೊಂದರ ಅರೆಮಾಗಿದ ಹಣ್ಣಿನ ಪಕ್ಕ ಇಟ್ಟರೆ ಎರಡನೆಯದಕ್ಕೆ ಅನ್ಯಾಯವಾಗುತ್ತದೆ. ಮರದ ಬೇರೆ ಬೇರೆ ಭಾಗಗಳಿಂದ ಹಲವು ಹಣ್ಣು ತೆಗೆದು ಸರಾಸರಿ ನೋಡಬೇಕು. ನೀರು ಕಂಡ ಮರವನ್ನು ಬರಡು ಜಾಗದ ಮರದೊಂದಿಗೆ ಹೋಲಿಸುವುದೂ ಸರಿಯಲ್ಲ. ಪನಾಮಾದ ಅಧ್ಯಯನದಲ್ಲಿ ಒಂದು ಮರದ ಹೆಚ್ಚಿನ ಗುಣಗಳು ಮರುವರ್ಷವೂ ಹಾಗೆಯೇ ಕಂಡುಬಂದವು. ಎರಡು ಸುಗ್ಗಿ ಎಚ್ಚರದಿಂದ ನೋಡಿದರೆ ಆ ಮರ ತಾಯಿಮರವಾಗಲು ಯೋಗ್ಯವೇ ಎಂಬುದನ್ನು ಭರವಸೆಯಿಂದ ಹೇಳಬಹುದು ಎಂಬುದು ಇದರ ತಾತ್ಪರ್ಯ.

ಸಸ್ಯಾಭಿವೃದ್ಧಿ

ಬೀಜ ಕೆಲವು ತಿಂಗಳವರೆಗೆ ಮೊಳೆಯುವ ಶಕ್ತಿ ಉಳಿಸಿಕೊಳ್ಳುತ್ತದೆ, ಸುಲಭವಾಗಿ ಮೊಳೆಯುತ್ತದೆ. ಆದರೆ ಬೀಜದ ಗಿಡ ಫಲಕ್ಕೆ ಬರಲು 5ರಿಂದ 10 ವರ್ಷ ಬೇಕು, ತಾಯಿಯ ಗುಣ ಬರುತ್ತದೆಂಬ ಖಾತ್ರಿಯೂ ಇಲ್ಲ. ಹತ್ತು ವರ್ಷ ಸಾಕಿದ ಮರ ಕೊನೆಗೆ ಸಿಪ್ಪೆ ದಪ್ಪದ, ಸಪ್ಪೆ ಹಣ್ಣು ಬಿಟ್ಟರೆ ಆದ ನಷ್ಟಕ್ಕೆ ಪರಿಹಾರವಿಲ್ಲ.

ಹಾಗಾಗಿ ಬೀಜದ ಗಿಡವನ್ನು ಬೇರುಸಸಿಯಾಗಿ ಬಳಸಿ, ಪರೀಕ್ಷಿಸಿದ ತಾಯಿಮರದ ಕಡ್ಡಿಯನ್ನು ಕಸಿ ಮಾಡುವುದು ಸರಿಯಾದ ದಾರಿ. ಭಾರತದಲ್ಲಿ ಸಾಮೀಪ್ಯ ಕಸಿಯ ರೂಢಿ ಹಿಂದಿನಿಂದಲೂ ಇದೆ. ಕಡ್ಡಿ ಕೊಯ್ದ ಕೂಡಲೇ ಸೊನೆ ಒಸರಿ ಗಾಯದ ಮೇಲೆ ಕೂರುತ್ತದೆ. ಅದನ್ನು ಒರೆಸಿ, ಹರಿತವಾದ ಚಾಕುವಿನಿಂದ ತಡಮಾಡದೆ ಬೆಸೆದು ಬಿಗಿಯಾಗಿ ಪಟ್ಟಿ ಸುತ್ತಬೇಕು. ಗೂಟಿ ಕಟ್ಟಿದರೆ ಬೇರು ಬರಲು 4ರಿಂದ 7 ತಿಂಗಳು ಹಿಡಿಯುತ್ತದೆ. ಅಂಥ ಗಿಡ ಬೇಗ ಫಲ ಕೊಡುತ್ತದೆ. ಚೆನ್ನಾಗಿ ನೆಲೆನಿಂತ ಕಸಿಗಿಡ ನೆಟ್ಟ ಒಂದೇ ವರ್ಷಕ್ಕೆ ಹಣ್ಣು ಬಿಟ್ಟ ಉದಾಹರಣೆಗಳಿವೆ. ಆಲಿವಿಫಾರ್ಮೆ ಪ್ರಭೇದದ ಬೇರುಸಸಿಯ ಮೇಲೆ ಕಸಿ ಮಾಡಿದಾಗ ಗಿಡದ ಬೆಳವಣಿಗೆ ಕುಂಠಿತವಾದದ್ದು ಕಂಡುಬಂದಿದೆ.

ಬೇಸಾಯ

ಇದು ಚಳಿಗೆ ಅಂಜುವ ಮರ. ಉಷ್ಣತೆ ಸೊನ್ನೆಗಿಂತ ಅರ್ಧ ಡಿಗ್ರಿ ಸೆಲ್ಸಿಯಸ್ ಕೆಳಗಿಳಿದರೂ ಎಳೆಯ ಗಿಡ ಸಾಯುತ್ತದೆ. ಸೊನ್ನೆಗಿಂತ 2 ಡಿಗ್ರಿ ಕೆಳಗೆ ದೊಡ್ಡ ಮರಕ್ಕೂ ಪೆಟ್ಟು. ಜಮೈಕಾದಲ್ಲಿ ಇದು ಸುಮಾರು 425 ಮೀಟರ್ ಎತ್ತರದವರೆಗೆ ಮಾತ್ರ ಕಾಣಸಿಗುತ್ತದೆ. ಮಣ್ಣಿನ ವಿಷಯದಲ್ಲಿ ಹಟವಿಲ್ಲ. ಗೋಡು, ಜೇಡಿ, ಮರಳು, ಸುಣ್ಣಕಲ್ಲಿನ ನೆಲ ಎಲ್ಲದರಲ್ಲೂ ಬರುತ್ತದೆ, ಆದರೆ ಬುಡದಲ್ಲಿ ನೀರು ನಿಲ್ಲಕೂಡದು.

ಗಿಡದಿಂದ ಗಿಡಕ್ಕೆ 8ರಿಂದ 10 ಮೀಟರ್ ಅಂತರ ಬೇಕು. ಮೊದಲ ಆರು ತಿಂಗಳು ವಾರಕ್ಕೊಮ್ಮೆ ನೀರು ಕೊಡಬೇಕು. ಬೇರು ಇಳಿದ ಮೇಲೆ ಮರ ಬರವನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ. ಆದರೆ ಹೂ ಬಿಡುವಾಗ ನೀರು ಕೊಟ್ಟರೆ ಕಾಯಿ ಕಚ್ಚುವುದು ಹೆಚ್ಚುತ್ತದೆ. ಕೆರಿಬಿಯನ್ ಹಿತ್ತಲುಗಳಲ್ಲಿ ಇದಕ್ಕೆ ಗೊಬ್ಬರ ಹಾಕುವವರೇ ಅಪರೂಪ. ಸತ್ವ ಕಡಿಮೆಯಾದ ನೆಲದಲ್ಲಿ ಮಾತ್ರ ಸಮತೋಲದ ಗೊಬ್ಬರದಿಂದ ಎದ್ದು ಕಾಣುವಷ್ಟು ಲಾಭವಿದೆ.

ಮರವನ್ನು ಚಿಕ್ಕಂದಿನಿಂದಲೇ ಸವರಿ ಗಿಡ್ಡವಾಗಿ, ಅಗಲವಾಗಿ ಹರಡಿಸಬೇಕು. ಹಣ್ಣು ಉದುರದು, ಉದುರಿಸಿದರೆ ಜಜ್ಜುತ್ತದೆ. ಒಂದೊಂದನ್ನೂ ಕೈಯಿಂದಲೇ ಕೊಯ್ಯಬೇಕು. ಏಣಿಗೆ ಎಟುಕದ ಎತ್ತರದಲ್ಲಿರುವ ಹಣ್ಣು ಬಾವಲಿ, ಹಕ್ಕಿ, ಅಳಿಲುಗಳ ಪಾಲು. ವಿಯೆಟ್ನಾಂನ ತೋಟಗಳಲ್ಲಿ ಕಾಯಿಗಳಿಗೆ ಚೀಲ ಕಟ್ಟುವ ರೂಢಿಯಿದೆ. ಇದರಿಂದ ಹಣ್ಣುನೊಣ ಮತ್ತು ಕಾಯಿಕೊರಕದ ಕಾಟ ತಗ್ಗುವುದಲ್ಲದೆ ಸಿಪ್ಪೆಯೂ ಕಲೆಯಿಲ್ಲದೆ ಉಳಿಯುತ್ತದೆ. ಫಿಲಿಪ್ಪೀನ್ಸ್‌ನಲ್ಲಿ ಪೆಸ್ಟಲೋಷಿಯ, ಡಿಪ್ಲೋಡಿಯ ಶಿಲೀಂಧ್ರಗಳಿಂದ ತೊಟ್ಟಿನ ಬಳಿ ಕೊಳೆರೋಗ ಬರುತ್ತದೆ. ಫ್ಲಾರಿಡಾದಲ್ಲಿ ಕೆಲವು ಕಾಯಿಗಳು ಬಲಿಯುವ ಮೊದಲೇ ಒಣಗಿ ಮರದಲ್ಲೇ ನೇತಾಡುತ್ತವೆ. ಅವನ್ನು ತೆಗೆದು ಸುಟ್ಟು, ಕೊಂಬೆಗಳ ನಡುವೆ ಗಾಳಿ ಬೆಳಕು ಆಡುವಂತೆ ಮಾಡುವುದು ಮೊದಲ ಉಪಚಾರ.

ಕೊಯ್ಲು ಮತ್ತು ಸಂಗ್ರಹ

ಹಣ್ಣು ಮಾಗಿದಾಗ ಸಿಪ್ಪೆಯ ಹೊಳಪು ಇಳಿದು ಮಂಕಾಗುತ್ತದೆ, ನಸು ಸುಕ್ಕು ಬೀಳುತ್ತದೆ, ಬೆರಳಿನಿಂದ ಒತ್ತಿದರೆ ಸ್ವಲ್ಪ ಮೆತ್ತಗೆನಿಸುತ್ತದೆ. ಈ ಮೂರೂ ಗುರುತು ಕಂಡ ಮೇಲೆಯೇ ಕತ್ತರಿಯಿಂದ ತೊಟ್ಟಿನ ತುಂಡು ಉಳಿಸಿ ಕೊಯ್ಯಬೇಕು. ಬಲಿಯದೆ ಕಿತ್ತ ಹಣ್ಣು ಮನೆಯಲ್ಲಿಟ್ಟರೆ ಮೆತ್ತಗಾದೀತು. ಅಂಟು ಮತ್ತು ಒಗರು ಹೋಗುವುದಿಲ್ಲ. ಮಾರುಕಟ್ಟೆಯಲ್ಲಿ ಈ ಹಣ್ಣಿನ ಹೆಸರು ಕೆಡುವುದಕ್ಕೆ ಇಂಥ ಅವಸರದ ಕೊಯ್ಲು ದೊಡ್ಡ ಕಾರಣ. ಪಕ್ವ ಹಣ್ಣನ್ನು 3ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಶೇ. 90ರಷ್ಟು ತೇವದಲ್ಲಿ ಇಟ್ಟರೆ ಮೂರು ವಾರ ಕೆಡದು. ಭಾರತದಲ್ಲಿ ಫೆಬ್ರುವರಿ-ಮಾರ್ಚ್‌ನ ಕಿರು ಸುಗ್ಗಿಯಲ್ಲಿ ದೊಡ್ಡ ಮರವೊಂದು ಸುಮಾರು 60 ಕಿಲೊ ಹಣ್ಣು ಕೊಟ್ಟ ದಾಖಲೆಯಿದೆ.

ಬಳಕೆ ಮತ್ತು ಪೋಷಕಾಂಶ

ಹಣ್ಣನ್ನು ಕಚ್ಚಿ ತಿನ್ನಬಾರದು. ಸಿಪ್ಪೆಯ ಸೊನೆ ತುಟಿಗೆ ಅಂಟುತ್ತದೆ. ತಣ್ಣಗೆ ಮಾಡಿ, ಅಡ್ಡಲಾಗಿ ಎರಡು ಹೋಳು ಮಾಡಿ, ಸಿಪ್ಪೆಗೆ ತಾಗಿದ ಪದರವನ್ನು ಬಿಟ್ಟು ಚಮಚದಿಂದ ತಿರುಳನ್ನು ಎತ್ತಿ ತಿನ್ನುವುದು ಒಳ್ಳೆಯ ವಿಧಾನ. ವಿಯೆಟ್ನಾಂನಲ್ಲಿ ಹಣ್ಣನ್ನು ಕೈಯಲ್ಲಿ ಮೆಲ್ಲಗೆ ಹಿಸುಕಿ ಒಳಗೆಲ್ಲ ರಸವಾಗಿಸಿ, ತೊಟ್ಟಿನ ಬಳಿ ತೂತು ಮಾಡಿ ಹೀರುತ್ತಾರೆ. ಜಮೈಕಾದಲ್ಲಿ ತಿರುಳಿಗೆ ಹುಳಿ ಕಿತ್ತಳೆಯ ರಸ ಬೆರೆಸಿ ಮಾಡುವ ತಿನಿಸಿಗೆ ಮ್ಯಾಟ್ರಿಮೊನಿ, ಅಂದರೆ ಮದುವೆ ಎಂದೇ ಹೆಸರು. ಹುಳಿಯಿಲ್ಲದ ಹಣ್ಣಿಗೆ ಹುಳಿ ಸೇರಿಸುವ ಈ ಜಾಣ್ಮೆ ನಮ್ಮ ಗಜನಿಂಬೆ, ಹೇರಳೆಗಳಿಗೂ ಒಗ್ಗುತ್ತದೆ.

100 ಗ್ರಾಂ ತಿರುಳಿನಲ್ಲಿ 78ರಿಂದ 86 ಗ್ರಾಂ ನೀರು, ಸುಮಾರು 15 ಗ್ರಾಂ ಶರ್ಕರಪಿಷ್ಟ ಇರುತ್ತವೆ. ಸಿ ಜೀವಸತ್ವ 3ರಿಂದ 15 ಮಿಲಿಗ್ರಾಂ. ಶಕ್ತಿ ಸುಮಾರು 67 ಕಿಲೊಕ್ಯಾಲರಿ. ಕ್ಯಾಟೆಚಿನ್, ಎಪಿಕ್ಯಾಟೆಚಿನ್, ಕ್ವೆರ್ಸೆಟಿನ್ ಮುಂತಾದ ಉತ್ಕರ್ಷಣ ನಿರೋಧಕಗಳನ್ನು 2002ರ ಅಧ್ಯಯನವೊಂದು ಈ ಹಣ್ಣಿನಲ್ಲಿ ಗುರುತಿಸಿತು. ಬೀಜ ಕಹಿ, ಅದರಲ್ಲಿ ಸಯನೈಡ್ ಬಿಡುಗಡೆ ಮಾಡಬಲ್ಲ ಲುಕುಮಿನ್ ಇದೆ. ಆದ್ದರಿಂದ ಬೀಜವನ್ನು ಅಗಿಯುವುದಾಗಲಿ ತಿರುಳಿನೊಂದಿಗೆ ಮಿಕ್ಸಿಗೆ ಹಾಕುವುದಾಗಲಿ ಕೂಡದು.

ಜನಜೀವನದಲ್ಲಿ

ವಿಯೆಟ್ನಾಂನ ಮಕ್ಕಳೆಲ್ಲ ಕೇಳಿ ಬೆಳೆಯುವ ಒಂದು ಕತೆ ಈ ಮರದ್ದು. ಗದರಿಸಿದಳೆಂದು ಮನೆ ಬಿಟ್ಟ ಹುಡುಗ ಹಸಿದು ಹಿಂದಿರುಗುವ ಹೊತ್ತಿಗೆ, ಕಾದು ಕಾದು ತಾಯಿ ತೀರಿಕೊಂಡು ಅಂಗಳದಲ್ಲಿ ಮರವಾಗಿದ್ದಳು. ಆ ಮರದ ಹಣ್ಣು ಅವನಿಗೆ ಹಾಲೂಡಿತು. 1954ರಲ್ಲಿ ದೇಶ ಎರಡಾದಾಗ ದಕ್ಷಿಣ ತುದಿಯ ಕಾ ಮೌ ಪ್ರದೇಶದ ಜನ ಹೊ ಚಿ ಮಿನ್‌ಗೆ ಕಳಿಸಿದ್ದು ಇದೇ ಮರದ ಒಂದು ಸಸಿ. ಹನೋಯಿಯಲ್ಲಿ ಅವರ ಮನೆಯ ಬಳಿ ಅದನ್ನು ನೆಡಲಾಯಿತು. ಕೆರಿಬಿಯನ್ ಕವಿ ಡೆರೆಕ್ ವಾಲ್ಕಟ್ 1979ರ ತಮ್ಮ ಸಂಕಲನಕ್ಕೆ 'ದಿ ಸ್ಟಾರ್ ಆ್ಯಪಲ್ ಕಿಂಗ್‌ಡಮ್' ಎಂದು ಹೆಸರಿಟ್ಟರು.

ಕರ್ನಾಟಕದಲ್ಲಿ ಸಾಧ್ಯತೆ

ಕರಾವಳಿ ಮತ್ತು ಘಟ್ಟದ ತಪ್ಪಲಿನ ಹವೆ ಈ ಮರಕ್ಕೆ ಹೇಳಿ ಮಾಡಿಸಿದಂತಿದೆ. ಅಲ್ಲಿ ಹಿಮ ಬೀಳುವುದಿಲ್ಲ. ಹಣ್ಣು ಮಾಗುವುದು ಮಳೆಯಿಲ್ಲದ ತಿಂಗಳುಗಳಲ್ಲಾದ್ದರಿಂದ ಕೊಳೆರೋಗದ ಭಯವೂ ಕಡಿಮೆ. ಮುರಕಲ್ಲಿನ ಇಳಿಜಾರು ನೆಲದಲ್ಲಿ ನೀರು ಬಸಿದು ಹೋಗುತ್ತದೆ. ಆದರೆ ಗದ್ದೆ ತಗ್ಗಿನಲ್ಲಿ ನೆಡುವುದಾದರೆ ಏರಿ ಮಾಡಿ ನೆಡಬೇಕು. ಡಿಸೆಂಬರಿನಿಂದ ಮುಂದೆ, ಕಾಯಿ ದಪ್ಪವಾಗುವ ಹೊತ್ತಿನಲ್ಲಿ, ನೀರಿಗೆ ಕೊರತೆಯಾಗದಂತೆ ನೋಡಿಕೊಂಡರೆ ಸಾಕು. ಸಪೋಟಕ್ಕೆ ಖಿರ್ಣಿಯ ಬೇರುಸಸಿ ಬಳಸಿ ಕಸಿ ಕಟ್ಟುವ ಕೈಚಳಕ ನಮ್ಮ ನರ್ಸರಿಗಳಿಗೆ ಚೆನ್ನಾಗಿ ಗೊತ್ತು, ಅದೇ ಕುಟುಂಬದ ಈ ಮರಕ್ಕೂ ಆ ಅನುಭವ ನೆರವಾಗುತ್ತದೆ.

ಕೊರತೆ ಇರುವುದು ತಾಯಿಮರಗಳ ಲೆಕ್ಕದಲ್ಲಿ. ಹಿತ್ತಲಿನಿಂದ ಹಿತ್ತಲಿಗೆ ಬೀಜದಿಂದ ಹರಡಿದ ಮರಗಳಲ್ಲಿ ಯಾವುದರ ಹಣ್ಣು ದೊಡ್ಡದು, ಯಾವುದರ ಸಿಪ್ಪೆ ತೆಳು, ಯಾವುದರಲ್ಲಿ ಬೀಜ ಕಡಿಮೆ ಎಂಬುದನ್ನು ಅಳೆದು ಬರೆದಿಟ್ಟರೆ ಆಯ್ಕೆಗೆ ದಾರಿ ತೆರೆಯುತ್ತದೆ. ನೆಡುವವರು ಬಣ್ಣ ನೋಡಿ ಗಿಡ ಕೊಳ್ಳದೆ, ಕಸಿಗಿಡವೇ, ತಾಯಿಮರ ಯಾವುದು, ಅದರ ಹಣ್ಣಿನ ರುಚಿ ನೋಡಬಹುದೇ ಎಂದು ಕೇಳಬೇಕು. ವಿನ್ ಕಿಮ್‌ನ ಒಂದು ಮರ ಒಂದು ಸೀಮೆಯ ಬೆಳೆಯಾಗಿ ಬೆಳೆದದ್ದು ಹಾಗೆ ಗುರುತಿಸಿದವರು ಇದ್ದುದರಿಂದ. ನಮ್ಮ ಹಿತ್ತಲುಗಳಲ್ಲೂ ಅಂಥ ಮರಗಳು ಇರಬಹುದು, ಅವನ್ನು ಹುಡುಕಿ ಹೆಸರಿಟ್ಟು ಕಸಿ ಕಟ್ಟುವ ಕೆಲಸ ಈಗಲೇ ಆರಂಭವಾಗಬೇಕು.